ಮಕ್ಕಳ ವೇದಿಕೆ ಭಯ: ಬಾಯಿಪಾಠದ ಭಾಷಣ ಬಿಟ್ಟು ಬೇರೆ ಏನು ಅಭ್ಯಾಸ ಮಾಡಿಸುತ್ತೀರಿ?

ಸಾಗರದವಳು
ಎಲ್ಲರಿಗೂ ನಮಸ್ಕಾರ. ಮಗಳು 6ನೇ ಕ್ಲಾಸು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಕಷ್ಟ. ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಸರದಿ ಬಂದರೆ ಮಾತ್ರ ಹಿಂದಿನ ರಾತ್ರಿಯಿಂದಲೇ ಹೊಟ್ಟೆನೋವು. ಈಗ ಟೀಚರ್ ಪ್ರತಿಭಾ ಕಾರಂಜಿಯ (ಶಾಲಾ ಮಕ್ಕಳ ಪ್ರತಿಭಾ ಸ್ಪರ್ಧೆ) ಆಶುಭಾಷಣಕ್ಕೆ ಹೆಸರು ಕೊಡು ಅಂದಿದ್ದಾರೆ. ಇವಳಿಗೆ ಆಸೆಯೂ ಇದೆ, ಹೆದರಿಕೆಯೂ ಇದೆ.

ನಮ್ಮ ಕಡೆ ಸಾಮಾನ್ಯವಾಗಿ ಅಪ್ಪನೋ ಟೀಚರೋ ಒಂದೂವರೆ ಪುಟ ಬರೆದುಕೊಡುತ್ತಾರೆ, ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಆಶುಭಾಷಣಕ್ಕೆ ಅದು ನಡೆಯುವುದಿಲ್ಲ. ವಿಷಯ ಅಲ್ಲೇ ಚೀಟಿಯಲ್ಲಿ ಬರುತ್ತದೆ. ಹಾಗಾದರೆ ಮನೆಯಲ್ಲಿ ದಿನಾ ಏನು ಮಾಡಿಸಬೇಕು? ಕೋರ್ಸು, ಆನ್‌ಲೈನ್ ಕ್ಲಾಸು ಬೇಡ. ಮಾಡಿ ನೋಡಿದವರು ಹೇಳಿ.

ಹಿಂದಿನಬೆಂಚು ಮೇಷ್ಟ್ರು
ನಾನು ಹಾವೇರಿ ಕಡೆಯ ಸರ್ಕಾರಿ ಶಾಲೆಯಲ್ಲಿದ್ದೇನೆ ಮೇಡಂ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಸುತ್ತಲಿನ ಕೆಲವು ಶಾಲೆ ಸೇರಿ ನಡೆಸುವ ಸ್ಪರ್ಧೆಗಳಲ್ಲಿ, ತೀರ್ಪುಗಾರನಾಗಿ ಕೂತು ಕೂತು ಒಂದು ಮಾತು ನಿಮಗೆ ಹೇಳಬಲ್ಲೆ. ಭಾಷಣದ ಸ್ಪರ್ಧೆಯಲ್ಲಿ ಮಕ್ಕಳು ಮಾತಾಡುವುದಿಲ್ಲ, ಮಕ್ಕಳ ಬಾಯಲ್ಲಿ ದೊಡ್ಡವರು ಮಾತಾಡುತ್ತಾರೆ. "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ನ್ಯಾಯಸಮ್ಮತ ತೀರ್ಪು ನೀಡಲು ಆಗಮಿಸಿರುವ ನಿರ್ಣಾಯಕರೇ, ನನ್ನ ನೆಚ್ಚಿನ ಸಹಪಾಠಿಗಳೇ..." ಇಷ್ಟು ಮುಗಿಯುವ ಹೊತ್ತಿಗೆ ಕೊಟ್ಟ ಸಮಯದಲ್ಲಿ ದೊಡ್ಡ ಪಾಲೇ ಹೋಗಿರುತ್ತದೆ. ಆಮೇಲೆ ಎಲ್ಲೋ ಒಂದು ಪದ ಮರೆಯುತ್ತದೆ. ಮಗು ಮೊದಲಿನಿಂದ ಶುರು ಮಾಡುತ್ತದೆ. ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತದೆ. ಕೆಳಗೆ ಕೂತ ಅಪ್ಪ ತುಟಿ ಆಡಿಸಿ ಎತ್ತಿಕೊಡುತ್ತಿರುತ್ತಾರೆ.

ಅದು ಭಯವಲ್ಲ ಮೇಡಂ, ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದು. ಮಾತು ಅವರದೇ ಆಗಿದ್ದರೆ ಒಂದು ಪದ ಹೋದರೆ ಇನ್ನೊಂದು ಬರುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ. ಕೇಳುವವರಿಗೆ ಗೊತ್ತಿಲ್ಲದ, ಮಗುವಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ದಿನಾ ಒಂದೆರಡು ನಿಮಿಷ ಹೇಳಿಸಿ. ಪರಿಸರ ಸಂರಕ್ಷಣೆ, ತಾಯಿಯ ಮಹತ್ವ ಇವೆಲ್ಲ ಸದ್ಯ ಬೇಡ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಎದ್ದು ನಿಲ್ಲಿಸಿದರೆ ಹೆಸರು ಹೇಳಲಿಕ್ಕೂ ಒದ್ದಾಡುತ್ತಿದ್ದ. ಅವನ ಅಪ್ಪನದು ಸೈಕಲ್ ಶಾಪು. "ಪಂಕ್ಚರ್ ಹೇಗೆ ಹಾಕುತ್ತಾರೆ, ನನಗೆ ಗೊತ್ತಿಲ್ಲ, ಹೇಳು" ಅಂದೆ. ಟ್ಯೂಬು ಹೊರಗೆ ತೆಗೆಯುವುದು, ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು, ಆ ಜಾಗ ಒರಟು ಕಾಗದದಿಂದ ಉಜ್ಜುವುದು, ಸೊಲ್ಯೂಷನ್ ಹಚ್ಚಿ ಸ್ವಲ್ಪ ಒಣಗಲು ಬಿಡುವುದು. ಇಲ್ಲಿ ಅವನೇ ನಿಂತು, "ಸರ್, ಹಸಿ ಇದ್ದಾಗಲೇ ಪ್ಯಾಚ್ ಹಚ್ಚಿದರೆ ಕೂರಲ್ಲ, ಎಲ್ಲರೂ ಇಲ್ಲೇ ಅವಸರ ಮಾಡ್ತಾರೆ" ಅಂದ. ಕೈ ತಾನಾಗಿ ಆಡುತ್ತಿತ್ತು, ಕಣ್ಣು ನಮ್ಮ ಮೇಲಿತ್ತು. ಹಾವಭಾವ ಹೇಳಿಕೊಡುವ ಅಗತ್ಯವೇ ಬರಲಿಲ್ಲ.

ಕಂಠಪಾಠದ ಟೀಚರ್
ಮೇಷ್ಟ್ರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಈಗೀಗ ಕಂಠಪಾಠ ಅಂದರೆ ಎಲ್ಲರೂ ಕಲ್ಲು ಹೊಡೆಯುವುದೇ ಆಗಿದೆ. ನನ್ನದು 1ರಿಂದ 4ರ ಮಕ್ಕಳು. ಅವರಿಗೆ ಸ್ವಂತ ಮಾತು ಹೇಳು ಅಂದರೆ ಎರಡು ವಾಕ್ಯಕ್ಕೆ ಮುಗಿಯುತ್ತದೆ. ಒಂದು ವಚನ, ಒಂದು ಪದ್ಯ ಬಾಯಿಗೆ ಬಂದಿದ್ದರೆ ಮುಂದೇನು ಹೇಳಲಿ ಅನ್ನುವ ಚಿಂತೆ ಇರುವುದಿಲ್ಲ. ಆಗ ನಿಲ್ಲುವುದು, ಕಣ್ಣೆತ್ತಿ ನೋಡುವುದು, ಕೊನೆಯ ಸಾಲಿಗೆ ಕೇಳುವ ಹಾಗೆ ಹೇಳುವುದು ಇಷ್ಟನ್ನು ಮಾತ್ರ ಕಲಿಸಬಹುದು. ಅಲ್ಪಪ್ರಾಣ, ಮಹಾಪ್ರಾಣ ನಾಲಗೆಗೆ ಕೂರುವುದೂ ಅಲ್ಲೇ.

ಹಿಂದಿನಬೆಂಚು ಮೇಷ್ಟ್ರು
ಪದ್ಯ, ವಚನಕ್ಕೆ ನನ್ನ ತಕರಾರಿಲ್ಲ ಟೀಚರ್. ಅದು ಹಾಡಿನ ಹಾಗೆ, ಇದ್ದ ಹಾಗೇ ಹೇಳಬೇಕಾದದ್ದು. ಭಾಷಣವನ್ನು ಹಾಗೆ ಮಾಡಿಸುವುದಕ್ಕೆ ತಕರಾರು. ಮತ್ತೆ ಚಿಕ್ಕವರು ಎರಡೇ ವಾಕ್ಯ ಹೇಳಿದರೆ ಎರಡು ಸಾಕು, ಅಲ್ವಾ?

ಇನ್ನೊಂದು ನೋಡಿ. ಸರ್ಕಾರಿ ಶಾಲೆಗಳ ನಲಿಕಲಿ ಕಲಿಕಾ ಪದ್ಧತಿಯಲ್ಲಿ 1ರಿಂದ 3ರ ಮಕ್ಕಳು ಗುಂಪಿನಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ವಟವಟ ಅನ್ನುತ್ತಿರುತ್ತಾರೆ. 4ಕ್ಕೆ ಬಂದಮೇಲೆ ಸಾಲಾಗಿ ಕೂರಿಸುತ್ತೇವೆ, "ಮಾತಾಡಬೇಡ" ಅಂತೇವೆ. ವರ್ಷ ಪೂರ್ತಿ ಮಾತಾಡಬೇಡ ಅಂದು, ಕಾರಂಜಿ ಬಂದಾಗ ಮಾತ್ರ ಮಾತಾಡು ಅಂದರೆ ಎಲ್ಲಿಂದ ಬರಬೇಕು?

ಅರ್ಥಧಾರಿ ಪುತ್ತೂರು
ಇಲ್ಲಿ ತಾಳಮದ್ದಳೆಯ ವಿಷಯ ಯಾರಾದರೂ ಎತ್ತುತ್ತಾರೆ ಅಂತ ಕಾದೆ. ಯಾರೂ ಎತ್ತಲಿಲ್ಲ, ನಾನೇ ಹೇಳುತ್ತೇನೆ.

ಘಟ್ಟದ ಮೇಲಿನವರಿಗೆ ಗೊತ್ತಿಲ್ಲದಿದ್ದರೆ: ಅದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಕೂತ ಅರ್ಥಧಾರಿ ಆ ಪದ್ಯದ ಅರ್ಥವನ್ನು ಪಾತ್ರವಾಗಿ ತನ್ನ ಮಾತಿನಲ್ಲಿ ಹೇಳಬೇಕು. ಎದುರಿಗೆ ಇನ್ನೊಬ್ಬ ಅರ್ಥಧಾರಿ ಇರುತ್ತಾರೆ. ಅವರು ಏನು ಪ್ರಶ್ನೆ ಎಸೆಯುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಬರೆದಿಟ್ಟ ಸಂಭಾಷಣೆ ಇಲ್ಲ. ಪದ್ಯ ಮಾತ್ರ ಗಟ್ಟಿ, ಉಳಿದದ್ದು ಆ ಹೊತ್ತಿನದು. ಆಶುಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಗರಡಿ ಬೇಕಾ?

ನಮ್ಮಲ್ಲಿ ಮಕ್ಕಳ ತಾಳಮದ್ದಳೆ ಮಾಡಿಸುವಾಗ ವಾಲಿ ಮತ್ತು ರಾಮನಿಂದ ಶುರು ಮಾಡುತ್ತೇವೆ. ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಈ ಪ್ರಶ್ನೆಯಲ್ಲಿ ಮಕ್ಕಳಿಗೆ ನಿಜವಾದ ಸಿಟ್ಟು ಬರುತ್ತದೆ. ವಾಲಿಯ ಪಾತ್ರಕ್ಕೆ ಯಾವಾಗಲೂ ಪೈಪೋಟಿ. ರಾಮ ಆಗುವವನಿಗೆ ಕಷ್ಟ, ಅವನು ಉತ್ತರ ಹುಡುಕಬೇಕು. ಮಾರನೇ ವಾರ ಪಾತ್ರ ಅದಲುಬದಲು. ಹೋದ ವಾರ ತಾನೇ ಎಸೆದ ಪ್ರಶ್ನೆಗೆ ಈ ವಾರ ತಾನೇ ಉತ್ತರ ಕೊಡಬೇಕು.

ಮನೆಯಲ್ಲಿ ಮಾಡಲಿಕ್ಕೆ ಭಾಗವತರು ಬೇಡ. ಅಕ್ಕ ತಮ್ಮ ಜಗಳ ಆಡುವ ವಿಷಯವನ್ನೇ ತೆಗೆದುಕೊಳ್ಳಿ. ಟಿವಿ ರಿಮೋಟ್ ಯಾರ ಕೈಯಲ್ಲಿರಬೇಕು? ಇಬ್ಬರೂ ವಾದ ಮಾಡಲಿ, ನಡುವೆ ಬಾಯಿ ಹಾಕುವ ಹಾಗಿಲ್ಲ. ಆಮೇಲೆ ಪಕ್ಷ ಬದಲಾಯಿಸಿ. ನಗು ಬರುತ್ತದೆ, ಬರಲಿ.

ಸಾಗರದವಳು
ರಿಮೋಟ್ ವಾದ ನಿನ್ನೆಯೇ ಆಯಿತು ಅಣ್ಣ 😄 ತಮ್ಮ ಗೆದ್ದ. ಇವಳಿಗೆ ಸಿಟ್ಟು ಬಂದು ಇನ್ನೊಂದು ಸಲ ಬೇಕು ಅಂತ ಹಟ.

ಟೈಮರ್ ರಾಜಾಜಿನಗರ
ನಾನು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುವವನು, ಸಭೆಯಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡುವವರ ಕ್ಲಬ್ಬು. ಅದು 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. 18 ತುಂಬಿದವರಿಗೆ ಮಾತ್ರ ಸದಸ್ಯತ್ವ, ಮಕ್ಕಳಿಗೆ ಗ್ಯಾವೆಲ್ ಕ್ಲಬ್ ಅಂತ ಬೇರೆ ಇದೆ. ಆದರೆ ಅಲ್ಲಿನ ಒಂದು ಪದ್ಧತಿ ಮನೆಗೆ ತರಬಹುದು.

ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇರುತ್ತದೆ, ನಮ್ಮ ಆಶುಭಾಷಣವೇ. ಎದ್ದು ನಿಂತಮೇಲೆ ವಿಷಯ ಕೊಡುತ್ತಾರೆ. 1 ನಿಮಿಷ ಆದಾಗ ಹಸಿರು ಕಾರ್ಡು, ಒಂದೂವರೆಗೆ ಹಳದಿ, 2ಕ್ಕೆ ಕೆಂಪು. ಮಾತಾಡುವವರಿಗೆ ಇದರಿಂದ ಎಷ್ಟು ಧೈರ್ಯ ಅಂದರೆ, ಮುಗಿಯುವುದು ಯಾವಾಗ ಅಂತ ಗೊತ್ತಿರುತ್ತದೆ. ಮಕ್ಕಳಿಗೆ ಹಸಿರನ್ನು 30 ಸೆಕೆಂಡಿಗೇ ತೋರಿಸಿ. ಹಸಿರು ಬಂದಮೇಲೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಅದು ಸೋಲಲ್ಲ. ಕಾರ್ಡು ಹಿಡಿಯುವ ಕೆಲಸ ತಮ್ಮನಿಗೆ ಕೊಡಿ, ಅವನೂ ತೆಪ್ಪಗೆ ಕೂರುತ್ತಾನೆ.

ವಿಷಯ ಸಿಕ್ಕ ಕೂಡಲೇ ಬಾಯಿ ತೆರೆಯುವುದು ಬೇಡ ಅಂತಲೂ ಹೇಳಿಕೊಡಿ. ಎರಡು ಉಸಿರು ತೆಗೆದುಕೊಳ್ಳಲಿ. ಈ ವಿಷಯದಲ್ಲಿ ನಾನು ಕಂಡದ್ದು ಏನು, ಅದರಿಂದ ನನಗೆ ಅನಿಸಿದ್ದು ಏನು, ಈ ಎರಡು ಸಿಕ್ಕರೆ ಸಾಕು. "ಮಳೆ" ಅಂತ ಚೀಟಿ ಬಂದರೆ ಜಲಚಕ್ರದಿಂದ ಶುರು ಮಾಡಬೇಕಿಲ್ಲ. ಸಾಗರದ ಹುಡುಗಿಗೆ ಮಳೆಯ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ ಅಂದರೆ ಯಾರು ನಂಬುತ್ತಾರೆ?

ಬೀದರ್ ಹುಡುಗ
ನನ್ನದು ಬೇರೆ ತರದ ಅನುಭವ. ಅಪ್ಪನಿಗೆ ವರ್ಗ ಆಗಿ ಬೆಂಗಳೂರಿಗೆ ಬಂದಾಗ ನಾನು 7ನೇ ಕ್ಲಾಸು. ನಾನು ಬಾಯಿ ತೆರೆದರೆ ಕ್ಲಾಸೆಲ್ಲ ನಗು. ನನ್ನ ಕನ್ನಡ ಅವರಿಗೆ ಕಾಮಿಡಿ ಪೀಸು. ಟೀಚರೂ ನಕ್ಕರು. ಆಮೇಲೆ ಕಾಲೇಜು ಮುಗಿಯುವವರೆಗೂ ನಾನು ಎದ್ದು ಮಾತಾಡಿದ್ದು ಕಡಿಮೆ.

ಹಾಗೇ ಹಕಾರ ಅಕಾರ ಹೆಚ್ಚುಕಮ್ಮಿ ಆಗುವ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಹತ್ತು ಸಲ ಹೇಳಿಸುವವರಿದ್ದಾರೆ. ತಿದ್ದಬೇಡಿ ಅನ್ನುತ್ತಿಲ್ಲ. ಮಾತಿನ ನಡುವೆ, ನಾಲ್ಕು ಜನರೆದುರು ತಿದ್ದಬೇಡಿ. ಸಭೆಯಲ್ಲಿ ನಗೆಪಾಟಲಾದ ಮಗುವಿಗೆ ನೀವು ಎಷ್ಟು ಅಭ್ಯಾಸ ಮಾಡಿಸಿದರೂ ಅದು ಬಾಯಿ ತೆರೆಯುವ ಮೊದಲು ಕೇಳುವವರ ಮುಖ ನೋಡುತ್ತದೆ.

ಕಂಠಪಾಠದ ಟೀಚರ್
ಬೀದರ್ ತಮ್ಮಾ, ಹತ್ತು ಸಲ ಹೇಳಿಸುವುದು ನಾನೂ ಕಂಡಿದ್ದೇನೆ, ಒಪ್ಪುವ ಮಾತಲ್ಲ. ಪದ್ಯಕ್ಕೆ ಉಚ್ಚಾರ ತಿದ್ದಬೇಕು, ಆದರೆ ಅದನ್ನು ಇಡೀ ತರಗತಿ ಒಟ್ಟಿಗೆ ಹೇಳುವಾಗ ತಿದ್ದಬಹುದು. ಯಾರದು ತಪ್ಪಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾಲಗೆ ಮಾತ್ರ ಸರಿಹೋಗುತ್ತದೆ.

ಮಾತುಗಾತಿ ಮೈಸೂರು
ನಾನು ವಾಕ್ ಚಿಕಿತ್ಸೆ ಕಲಿತವಳು. ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಭಯಕ್ಕೆ ಅಭ್ಯಾಸ ಮದ್ದು. ಉಗ್ಗುವಿಕೆಗೆ ಬರೀ ಅಭ್ಯಾಸ ಮದ್ದಲ್ಲ.

ಎರಡರಿಂದ ಐದು ವರ್ಷದೊಳಗೆ ಎಷ್ಟೋ ಮಕ್ಕಳು ಮಾತು ತಡವರಿಸುತ್ತಾರೆ. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಆದರೆ ಆರು ತಿಂಗಳು ದಾಟಿದರೂ ಹಾಗೇ ಇದ್ದರೆ, ಮಾತಾಡುವಾಗ ಕಣ್ಣು ಬಿಗಿಯುವುದು, ಕತ್ತು ಎಳೆಯುವುದು ಕಂಡರೆ, ಕೆಲವು ಪದ ಬಂದಾಗ ಮಗು ಬೇರೆ ಪದಕ್ಕೆ ಜಾರಿಕೊಂಡರೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲ ಕಡೆಯಿಂದ ಮಕ್ಕಳನ್ನು ಕರೆತರುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲೂ ವಾಕ್ ಚಿಕಿತ್ಸಕರು ಸಿಗುತ್ತಾರೆ. ನಾಲಗೆಗೆ ಬಜೆ ತಿಕ್ಕುವುದು, ಬಾಯಲ್ಲಿ ಗೋಲಿ ಇಟ್ಟುಕೊಂಡು ಮಾತಾಡಿಸುವುದು ದಯವಿಟ್ಟು ಬೇಡ. ಗೋಲಿ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ.

ಉಗ್ಗುವ ಮಗುವಿಗೆ "ನಿಧಾನ, ಉಸಿರು ತಗೋ, ಮೊದಲಿಂದ ಹೇಳು" ಅನ್ನುವುದೂ ಬೇಡ. ವಾಕ್ಯ ನೀವು ಮುಗಿಸಿಕೊಡಬೇಡಿ. ನೀವೇ ನಿಧಾನವಾಗಿ ಮಾತಾಡಿ, ಮಗುವಿನ ಮಾತು ಮುಗಿಯುವವರೆಗೆ ಕಾಯಿರಿ. ಅಂಥ ಮಕ್ಕಳೂ ವೇದಿಕೆಯಲ್ಲಿ ಮಾತಾಡುತ್ತಾರೆ, ಉಗ್ಗುತ್ತಲೇ ಮಾತಾಡಬಹುದು. ಅದಕ್ಕೆ ಅಂಕ ಕಳೆಯುವ ತೀರ್ಪುಗಾರರನ್ನು ಮೇಷ್ಟ್ರು ನೋಡಿಕೊಳ್ಳಲಿ.

ಸಾಗರದ ಮೇಡಂ, ನಿಮ್ಮ ಮಗಳದ್ದು ನೀವು ಬರೆದ ಹಾಗೆ ಉಗ್ಗು ಅನಿಸುವುದಿಲ್ಲ. ಹೊಟ್ಟೆನೋವು ಮಾತ್ರ ಸುಳ್ಳಲ್ಲ. ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಹೊಟ್ಟೆ ಹಿಂಡುವುದು ಮೈ ತಾನಾಗಿ ಮಾಡುವ ಕೆಲಸ. "ನಾಟಕ ಮಾಡಬೇಡ" ಅಂದರೆ ಜಾಸ್ತಿ ಆಗುತ್ತದೆ. ಹಾಗಂತ ಸುದ್ದಿ ಓದುವ ದಿನ ರಜೆ ಹಾಕಿಸಿದರೂ ಜಾಸ್ತಿಯೇ. ತಪ್ಪಿಸಿಕೊಂಡಾಗ ಸಿಗುವ ನಿರಾಳ ಇದೆಯಲ್ಲ, ಅದೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಸಣ್ಣದು ಮಾಡಿ, ಆದರೆ ಬಿಡಿಸಬೇಡಿ. ಇಡೀ ಸುದ್ದಿ ಬೇಡ, ಒಂದೇ ತಲೆಬರಹ ಓದಲಿ. ಒಬ್ಬಳೇ ಬೇಡ, ಗೆಳತಿಯ ಜೊತೆ ನಿಲ್ಲಲಿ.

ಡಲ್ಲಾಸ್ ಅಪ್ಪ
ಇಲ್ಲಿ ನಮ್ಮ ಮಕ್ಕಳಿಗೆ ಉಲ್ಟಾ ಸಮಸ್ಯೆ. ಇಲ್ಲಿನ ಶಾಲೆಗಳಲ್ಲಿ ಶೋ ಅಂಡ್ ಟೆಲ್ ಅಂತ ಚಿಕ್ಕ ಕ್ಲಾಸಿನಿಂದಲೇ ಇರುತ್ತದೆ. ಮನೆಯಿಂದ ಒಂದು ವಸ್ತು ಒಯ್ದು ಅದರ ಬಗ್ಗೆ ಹೇಳಬೇಕು, ಕೂತವರು ಪ್ರಶ್ನೆ ಕೇಳಬೇಕು. ಅಲ್ಲಿ ಪಟಪಟ ಮಾತಾಡುವ ನನ್ನ ಮಗ ನವೆಂಬರ್ ಬಂದು ರಾಜ್ಯೋತ್ಸವಕ್ಕೆ ಕನ್ನಡದಲ್ಲಿ ಎರಡು ಮಾತು ಹೇಳು ಅಂದರೆ ಕಂಬ. ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಭಾಷಣ ಬರೆದುಕೊಡುತ್ತೇವೆ, ಅವನು ಅರ್ಥವಾಗದೆ ಓದುತ್ತಾನೆ, ಎಲ್ಲರೂ ಚಪ್ಪಾಳೆ. ಅವನಿಗೆ ಅದು ಬೇಜಾರು.

ಈ ವರ್ಷ ಕನ್ನಡ ಶಾಲೆಯಲ್ಲಿ ಅದೇ ಶೋ ಅಂಡ್ ಟೆಲ್ ಕನ್ನಡದಲ್ಲಿ ಇಟ್ಟರು. ಇವನು ಅಜ್ಜಿ ಕಳಿಸಿದ ಚೌಕಾಬಾರದ ಕವಡೆ ಒಯ್ದ. ಎಷ್ಟು ಕವಡೆ ಅಂಗಾತ ಬಿದ್ದರೆ ಎಷ್ಟು ಮನೆ, ಕಾಯಿ ಹೊಡೆಯುವುದು ಹೇಗೆ ಅಂತ ಹೇಳಿದ. ನಡುನಡುವೆ ಇಂಗ್ಲಿಷ್ ಬಂತು, ಯಾರೂ ತಡೆಯಲಿಲ್ಲ. ಕೈಯಲ್ಲಿ ವಸ್ತು ಇದ್ದರೆ ಕೈ ಎಲ್ಲಿಡಲಿ ಅನ್ನುವ ಚಿಂತೆಯೇ ಇಲ್ಲ ನೋಡಿ.

ಟೈಮರ್ ರಾಜಾಜಿನಗರ
ಇದೇ ಕಥೆ ಇಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳದು ಸರ್. ಪ್ರಾರ್ಥನೆಯಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಅಂತ ನಿಯಮ. ಮಗು ಹೆದರುವುದು ವೇದಿಕೆಗಲ್ಲ, ಭಾಷೆಗೆ. ಮೊದಲು ಮನೆಮಾತಿನಲ್ಲಿ ನಿಂತು ಮಾತಾಡುವುದು ಬರಲಿ. ಹಾಗೆ ನಿಂತು ಗೊತ್ತಿದ್ದರೆ ಇನ್ನೊಂದು ಭಾಷೆಯಲ್ಲಿ ನಿಲ್ಲುವುದು ಅಷ್ಟು ಕಷ್ಟವಲ್ಲ. ಎರಡೂ ಭಯ ಒಟ್ಟಿಗೆ ಹೇರಿದರೆ ಯಾವುದೂ ಹೋಗುವುದಿಲ್ಲ.

ಹಿಂದಿನಬೆಂಚು ಮೇಷ್ಟ್ರು
ಮಕ್ಕಳ ಗ್ರಾಮ ಸಭೆಯ ಬಗ್ಗೆ ಒಂದು ಮಾತು. ಪಂಚಾಯ್ತಿಗಳಲ್ಲಿ ಮಕ್ಕಳಿಗಾಗಿಯೇ ಒಂದು ಸಭೆ ಕರೆಯಬೇಕು ಅಂತ ಇದೆಯಲ್ಲ. ಎಷ್ಟೋ ಕಡೆ ಅದು ಬರೀ ಫೋಟೋಕ್ಕೆ. ಆದರೆ ನಮ್ಮ ಕಡೆ ಒಂದು ಸಲ 7ನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. ಶಾಲೆಯಲ್ಲಿ ಅವಳ ಧ್ವನಿ ಮೊದಲ ಬೆಂಚಿಗೂ ಕೇಳುತ್ತಿರಲಿಲ್ಲ. "ಶೌಚಾಲಯಕ್ಕೆ ಬಾಗಿಲಿದೆ, ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಪಾಠ ಇಬ್ಬರಿಗೂ ತಪ್ಪುತ್ತದೆ" ಅಂದಳು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) "ನೋಡೋಣಮ್ಮ" ಅಂದರು. ಅವಳು ಕೂರಲಿಲ್ಲ. "ಯಾವಾಗ ಸರ್?" ಅಂದಳು. ಚಿಲಕ ಬಂತು.

ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಬೇಕಾದ್ದು ಇತ್ತು, ಕೊಡಬೇಕಾದವರು ಎದುರಿಗಿದ್ದರು. ಆದ್ದರಿಂದ ಮನೆಯಲ್ಲೂ ಅಂಥ ಕೆಲಸ ಕೊಡಿ ಅಂತೇನೆ. ಅಂಗಡಿಗೆ ಹೋಗಿ ಒಡೆದ ಮೊಟ್ಟೆ ವಾಪಸು ಕೊಟ್ಟು ಬೇರೆ ತರಲಿ. ಲೈಬ್ರರಿಯಲ್ಲಿ ತನಗೆ ಬೇಕಾದ ಪುಸ್ತಕ ತಾನೇ ಕೇಳಲಿ. ಡಾಕ್ಟರ್ ಎದುರು ಎಲ್ಲಿ ನೋವು ಅಂತ ಮಗುವೇ ಹೇಳಲಿ, ಅಮ್ಮ ನಡುವೆ ಬಾಯಿ ಹಾಕದಿದ್ದರೆ ಸಾಕು. ಇದೆಲ್ಲ ಭಾಷಣವೇ, ಸಭೆ ಚಿಕ್ಕದು ಅಷ್ಟೇ.

ಹೊಸಬ ಟೀಚರ್ ಸಿಂಧನೂರು
ಓದುತ್ತಾ ಬಂದೆ, ಒಂದು ಪ್ರಶ್ನೆ. ಮನೆಯಲ್ಲಿ ಒಂದು ಮಗು ಸರಿ. ನನ್ನ ತರಗತಿಯಲ್ಲಿ 40 ಮಕ್ಕಳು. ಒಬ್ಬೊಬ್ಬರಿಗೆ 3 ನಿಮಿಷ ಅಂದರೂ 2 ಗಂಟೆ ಬೇಕು. ಅಷ್ಟು ಹೊತ್ತು ಒಬ್ಬ ಮಾತಾಡಿ 39 ಮಂದಿ ಆಕಳಿಸುವುದು. ದಿನನಿತ್ಯ ಅಭ್ಯಾಸ ಹೇಗೆ ಸಾಧ್ಯ?

ಹಿಂದಿನಬೆಂಚು ಮೇಷ್ಟ್ರು
ಜೋಡಿ ಮಾಡಿ ಸರ್. 40 ಮಕ್ಕಳೂ ಎದ್ದು ಎದುರುಬದುರು ಎರಡು ಸಾಲಾಗಿ ನಿಲ್ಲಲಿ. ಒಂದು ಸಾಲಿನ 20 ಮಂದಿ ಒಟ್ಟಿಗೆ ತಮ್ಮ ಎದುರಿನವರಿಗೆ ಹೇಳಲಿ, 2 ನಿಮಿಷ. ಸಂತೆಯ ಗದ್ದಲ ಆಗುತ್ತದೆ, ಅದೇ ಲಾಭ. ಹೆದರುವ ಮಗುವಿಗೆ ಯಾರೂ ತನ್ನನ್ನೇ ನೋಡುತ್ತಿಲ್ಲ ಅಂತ ಗೊತ್ತಾಗುತ್ತದೆ, ಆ ಗದ್ದಲದಲ್ಲಿ ಕೇಳಿಸಲು ಧ್ವನಿಯೂ ತಾನಾಗಿ ಏರುತ್ತದೆ. ಆಮೇಲೆ ಒಂದು ಸಾಲು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲಿ. ಹೊಸ ಕೇಳುಗರು, ಅದೇ ವಿಷಯ, ಈಗ ಒಂದೂವರೆ ನಿಮಿಷ. ಮತ್ತೆ ಸರಿಯಲಿ, 1 ನಿಮಿಷ. ಮೂರನೇ ಸಲಕ್ಕೆ ತಡವರಿಕೆ ಹೋಗಿ ಮಾತು ಸಲೀಸಾಗಿರುತ್ತದೆ, ಬೇಡದ್ದು ತಾನೇ ಉದುರಿರುತ್ತದೆ. ಅದಲುಬದಲು ಮಾಡಿದರೂ ಒಟ್ಟು ಕಾಲು ಗಂಟೆ. ಕೊನೆಯಲ್ಲಿ "ನಿನ್ನ ಜೋಡಿ ಹೇಳಿದ್ದರಲ್ಲಿ ನಿನಗೆ ಹೊಸದು ಏನು?" ಅಂತ ಇಬ್ಬರು ಮೂವರನ್ನು ಕೇಳಿ. ಇಲ್ಲದಿದ್ದರೆ ಕೇಳುವವರು ಕಿವಿ ಕೊಡುವುದಿಲ್ಲ.

ಕಂಠಪಾಠದ ಟೀಚರ್
ಇದನ್ನು ನನ್ನ 4ನೇ ತರಗತಿಯಲ್ಲಿ ಮಾಡುತ್ತೇನೆ. ಪಕ್ಕದ ಕೊಠಡಿಯವರು ಗಲಾಟೆ ಅಂತ ದೂರು ಕೊಟ್ಟರೆ ಮೇಷ್ಟ್ರ ಹೆಸರು ಹೇಳುತ್ತೇನೆ.

ಸಾಗರದವಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟದ ಮೇಲೆ ಚೀಟಿ ಆಟ ಶುರು ಮಾಡಿದ್ದೇವೆ. ಅಜ್ಜಿಯೂ ಚೀಟಿ ಎತ್ತುತ್ತಾರೆ, ಅವರಿಗೆ ಕೆಂಪು ಕಾರ್ಡು ತೋರಿಸಿದರೂ ನಿಲ್ಲಿಸುವುದಿಲ್ಲ. ಮಗಳು ಈಗ ಮನೆಯಲ್ಲಿ ಸಲೀಸು. ಆದರೆ ಮೈಕು ಕಂಡರೆ ಇನ್ನೂ ಹಿಂದೆ ಸರಿಯುತ್ತಾಳೆ. ಅದಕ್ಕೇನು ಮಾಡುವುದು?

ಅರ್ಥಧಾರಿ ಪುತ್ತೂರು
ಮೈಕಿಗೆ ಮೈಕೇ ಆಗಬೇಕು ಅಕ್ಕ. ಮಕ್ಕಳಿಗೆ ತಮ್ಮ ಧ್ವನಿ ಪೆಟ್ಟಿಗೆಯಿಂದ ವಾಪಸು ಬಂದು ಕಿವಿಗೆ ಬಿದ್ದಾಗ ಗಾಬರಿ ಆಗುತ್ತದೆ, ಇದು ನಾನಾ ಅಂತ. ಊರಲ್ಲಿ ಯಾವುದಾದರೂ ಕಾರ್ಯಕ್ರಮ ಇದ್ದರೆ ಒಂದು ಗಂಟೆ ಮೊದಲೇ ಹೋಗಿ. ಮೈಕಿನವರು ಹೇಗೂ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಿರುತ್ತಾರೆ. ಮಗುವಿಗೂ ಒಂದು ನಿಮಿಷ ಕೊಡಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಖಾಲಿ ಕುರ್ಚಿಗಳಿಗೆ ತನ್ನ ಹೆಸರು, ಊರು, ಬೆಳಿಗ್ಗೆ ತಿಂದ ತಿಂಡಿ ಹೇಳಲಿ.

ಸ್ಟ್ಯಾಂಡು ಯಾವಾಗಲೂ ದೊಡ್ಡವರ ಎತ್ತರಕ್ಕೆ ಇರುತ್ತದೆ. ಮಗು ಕತ್ತೆತ್ತಿ, ಕಾಲ ತುದಿಯಲ್ಲಿ ನಿಂತು ಮಾತಾಡುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದರ ತಿರುಪು ಸಡಿಲಿಸಿ ಗಲ್ಲದ ಮಟ್ಟಕ್ಕೆ ಇಳಿಸುವುದನ್ನು ಅವಳಿಗೇ ಕಲಿಸಿ. ಬಾಯಿಗೂ ಮೈಕಿಗೂ ಒಂದು ಗೇಣು ಸಾಕು. ಮೈಕಿನ ತಲೆಗೆ ಬೆರಳಿಂದ ಬಡಿಯುವುದು, ಉಫ್ ಅಂತ ಊದುವುದು ಬೇಡ ಅನ್ನಿ, ಮೈಕಿನವರು ಬೈಯುತ್ತಾರೆ.

ಸಾಗರದವಳು
ಸರಿ ಅಣ್ಣ. ಶನಿವಾರ ನಮ್ಮ ಬೀದಿಯಲ್ಲಿ ಸಂಘದ ಕಾರ್ಯಕ್ರಮ ಇದೆ, ಪೆಂಡಾಲ್ ಈಗಲೇ ಹಾಕುತ್ತಿದ್ದಾರೆ. ಮೈಕಿನವರ ಹತ್ತಿರ ಇವತ್ತೇ ಮಾತಾಡಿ ಇಡುತ್ತೇನೆ. ಅಲ್ಲ, ಅವಳಿಗೇ ಕೇಳಲು ಹೇಳುತ್ತೇನೆ.